ಮುಳುಗುವ ಕಾರಿನ ದೃಶ್ಯದಲ್ಲಿ ಲೋಕಧರ್ಮಿ

‘ಸಮುದ್ರ’ ಎಂದು ಮುಗಿಯುವ ಊರಿನ ಹೆಸರು ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಕೆರೆಯ ಗುರುತು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರವೂ ಅಂತಹ ಹೆಸರೇ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯವರಿಗೆ ನೀರೆಂದರೆ ಕೆರೆಯ ನೀರು. ಮಳೆಗಾಲದಲ್ಲಿ ಕೆಮ್ಮಣ್ಣು ಕದಡಿ, ಮೊಳದಾಳದ ಕೆಳಗೆ ಏನೂ ಕಾಣದ ನೀರು. ಇಂತಹ ನೀರನ್ನು ಬಲ್ಲ ಪ್ರೇಕ್ಷಕನು, ಚಲನಚಿತ್ರದಲ್ಲಿ ಕಾರೊಂದು ಜಲಾಶಯಕ್ಕೆ ಬಿದ್ದು ನಾಯಕನು ಸ್ಫಟಿಕದಂತಹ ನೀರಿನಲ್ಲಿ ಸಾವಕಾಶವಾಗಿ ಬಾಗಿಲಿನೊಡನೆ ಸೆಣಸುವುದನ್ನು ಕಂಡು ಅದನ್ನು ಹೇಗೆ ನಂಬುತ್ತಾನೆ? ನಮ್ಮ ವಿಚಾರವು ಈ ಪ್ರಶ್ನೆಯಿಂದ ಹುಟ್ಟಿತು.

ಭರತನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಗಳನ್ನು ಹೇಳಿರುವಾಗ ಇದನ್ನು ನಾಟ್ಯಧರ್ಮಿಯೆಂದು ಬಿಟ್ಟುಬಿಡಬಾರದೇಕೆ ಎಂದು ಕೆಲವರು ಕೇಳಬಹುದು. ಬಯಲಾಟದ ವೇಷಧಾರಿಯು ರಂಗಸ್ಥಳದಲ್ಲಿ ಹೊಳೆಯನ್ನು ಈಜಿದರೆ ನೀರೆಲ್ಲಿ ಎಂದು ಯಾರೂ ಕೇಳುವುದಿಲ್ಲ, ನಿಜ. ಆದರೆ ಚಲನಚಿತ್ರವು ನಿಜವಾದ ಕಾರನ್ನೂ ನಿಜವಾದ ನೀರನ್ನೂ ತೋರಿಸಿ ನಮ್ಮ ನಂಬಿಕೆಯನ್ನು ಬೇಡುತ್ತದೆ. ಲೋಕಧರ್ಮಿಯ ಹೆಸರಿನಲ್ಲಿ ಸಾಲ ಪಡೆದವನು ನಾಟ್ಯಧರ್ಮಿಯ ನಾಣ್ಯದಲ್ಲಿ ತೀರಿಸಲಾಗದು.

ಲೋಕದ ಸಂಗತಿ ಹೀಗಿದೆ. ನೀರಿಗೆ ಬಿದ್ದ ಕಾರು ಒಡನೆಯೇ ಮುಳುಗುವುದಿಲ್ಲ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಪ್ರಯೋಗಗಳಿಂದ ಕಂಡುಕೊಂಡಂತೆ, ಅದು ಸುಮಾರು 30 ಸೆಕೆಂಡಿನಿಂದ 2 ನಿಮಿಷದವರೆಗೆ ತೇಲುತ್ತದೆ. ಅಷ್ಟರಲ್ಲಿ ಬೆಲ್ಟನ್ನು ಬಿಚ್ಚಿ, ಕಿಟಕಿಯ ಗಾಜನ್ನು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳುಹಿಸಿ, ತಾನೂ ಹೊರಬರಬೇಕು. ಬಾಗಿಲಿನ ಗೋಜಿಗೆ ಹೋಗಬಾರದು. ತೆರೆದರೆ ಒಳನುಗ್ಗುವ ನೀರು ಕಾರನ್ನು ಬೇಗನೆ ಮುಳುಗಿಸುವುದು. ತಡವಾದ ಮೇಲೆ ಅದು ತೆರೆಯುವುದೂ ಇಲ್ಲ. ಒಂದು ಚದರ ಮೀಟರಿನ ಬಾಗಿಲಿನ ಮೇಲೆ ಸರಾಸರಿ ಅರ್ಧ ಮೀಟರು ಆಳದ ನೀರಿನ ಒತ್ತಡವೆಂದರೆ ಸುಮಾರು 500 ಕಿಲೋಗ್ರಾಮಿನ ಭಾರ. ಕೀಲಿಗೆ ಎದುರಾದ ಅಂಚಿನಲ್ಲಿ ತಳ್ಳಿದರೂ ಅದರ ಅರ್ಧದಷ್ಟನ್ನು ತೋಳು ಎದುರಿಸಬೇಕು. ಒಳಗೂ ನೀರು ತುಂಬಿ ಒತ್ತಡ ಸಮನಾದ ಬಳಿಕ ಬಾಗಿಲು ತೆರೆಯಬಹುದು. ಆದರೆ ಆ ವೇಳೆಗೆ, ಎಂಜಿನ್ನಿನ ಭಾರಕ್ಕೆ ಮೂತಿ ಕೆಳಗಾದ ಕಾರಿನ ಹಿಂಭಾಗದಲ್ಲಿ ಮಾತ್ರ ಒಂದಿಷ್ಟು ಗಾಳಿ ಉಳಿದಿರುತ್ತದೆ.

ಹೀಗಿರುವಾಗ ಚಿತ್ರಗಳ ದೋಷವು ನೀರಿನ ತಿಳಿತನದಲ್ಲಿಲ್ಲ, ಕಾಲದಲ್ಲಿದೆ. ಅವು ಬದುಕುವ ಅವಕಾಶವಿದ್ದ ಮೊದಲ ನಿಮಿಷವನ್ನು ಕತ್ತರಿಸಿ ಎಸೆದು, ಅವಕಾಶ ಮುಗಿದ ಮೇಲೆ ಹೋರಾಟವನ್ನು ಆರಂಭಿಸುತ್ತವೆ. 1985ರ ‘ಎ ವ್ಯೂ ಟು ಎ ಕಿಲ್’ ಚಿತ್ರದಲ್ಲಿ ಜೇಮ್ಸ್ ಬಾಂಡನು ಮುಳುಗಿದ ಕಾರಿನ ಟಯರಿನ ಗಾಳಿಯನ್ನು ಉಸಿರಾಡುತ್ತಾನೆ. ಇದನ್ನು ನಗುವುದು ಸುಲಭ. ಆದರೂ ದಡದಲ್ಲಿ ಶತ್ರುಗಳು ನೋಡುತ್ತಿರುವುದರಿಂದ ಅವನು ಮೇಲೇಳುವಂತಿಲ್ಲ ಎಂಬ ಕಾರಣವನ್ನಾದರೂ ಆ ಚಿತ್ರ ಒದಗಿಸಿದೆ. ಅನೇಕ ಗಂಭೀರ ಚಿತ್ರಗಳಲ್ಲಿ ಅಷ್ಟು ಔಚಿತ್ಯವೂ ಇಲ್ಲ.

ಕಾಲವನ್ನು ಗೌರವಿಸಿದ ದೃಶ್ಯಗಳು ಇಲ್ಲದಿಲ್ಲ. ವಿಚಿತ್ರವೆಂದರೆ ಅವುಗಳಲ್ಲಿ ಕಾರಿನೊಳಗೆ ಜೀವಂತರಿಲ್ಲ. ಹಿಚ್‌ಕಾಕನ ‘ಸೈಕೋ’ (1960) ಚಿತ್ರದಲ್ಲಿ ಜೌಗಿಗೆ ತಳ್ಳಿದ ಕಾರು ಅರ್ಧದಲ್ಲಿ ತಡೆದು ನಿಲ್ಲುತ್ತದೆ. ನಾರ್ಮನ್ನನ ಎದೆಯೊಡನೆ ನಮ್ಮ ಎದೆಯೂ ನಿಲ್ಲುತ್ತದೆ. ಪಿ. ವಾಸು ಅವರ ‘ದೃಶ್ಯ’ದಲ್ಲಿ (2014) ಸಾಕ್ಷ್ಯವನ್ನು ಅಳಿಸಲು ಕಾರನ್ನು ನೀರಿಗೆ ತಳ್ಳುವ ಸನ್ನಿವೇಶದ ಬಲವೂ ಅದು ಮುಳುಗಲು ಹಿಡಿಯುವ ಹೊತ್ತಿನಲ್ಲಿಯೇ ಇದೆ. ಕುರುಹನ್ನು ಮರೆಸುವವನಿಗೆ ಕೊಟ್ಟ ಆ ನಿಮಿಷವನ್ನು ಬದುಕಿಕೊಳ್ಳುವವನಿಗೆ ಏಕೆ ಕೊಡಬಾರದು?

ಇದು ಬರಿಯ ರಸವಿಚಾರವಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ, ಅಲ್ಲಿ ಸಿಲುಕಿದ ಕಾರಿನಲ್ಲಿದ್ದ ತರುಣಿಯೊಬ್ಬರು ಮೃತರಾದರು. ಅಲ್ಲಿ ಹೊಳೆಯಿರಲಿಲ್ಲ, ಕೆರೆಯಿರಲಿಲ್ಲ, ರಾಜಧಾನಿಯ ನಡುಬೀದಿಯಿತ್ತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಒಣಗಿದ್ದ ಕೆರೆಗಳಿಗೂ ಹರಿದಿದೆ. ಕೆರೆಯ ಏರಿಯೇ ರಸ್ತೆಯಾಗಿರುವ ಕಡೆ ಇದನ್ನು ನೆನೆಯಬೇಕು. ಇಂತಹ ಗಳಿಗೆಯಲ್ಲಿ ಮನುಷ್ಯನ ಕೈ ತಾನು ಕಂಡುದನ್ನೇ ಮಾಡುವುದು. ನಮ್ಮಲ್ಲಿ ಬಹುಮಂದಿ ಕಂಡಿರುವುದು ಚಿತ್ರಗಳಲ್ಲಿ ಮಾತ್ರ.

ನೈಜತೆಯನ್ನು ಬೇಡುವಾಗ ಇನ್ನೊಂದು ಎಚ್ಚರವೂ ಬೇಕು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ನಟನ ದೇಹವನ್ನು ನಿಜವಾದ ಅಪಾಯಕ್ಕೆ ಒಡ್ಡುವುದನ್ನು ನಾವು ಲೋಕಧರ್ಮಿಯೆಂದು ಕರೆಯಲಾರೆವು. ನಾವು ಕೇಳುವ ನೈಜತೆಗೆ ಆಳವಾದ ನೀರು ಬೇಕಿಲ್ಲ. ಮೊಳಕಾಲುದ್ದದ ತೊಟ್ಟಿಯೂ ಒಂದು ಗಡಿಯಾರವೂ ಸಾಕು. ಕಾರು ಇನ್ನೂ ತೇಲುತ್ತಿರುವಾಗಲೇ, ಕಿಟಕಿಯಾಚೆ ಆಕಾಶ ಕಾಣುತ್ತಿರುವಾಗಲೇ, ಬೆಲ್ಟಿನ ಕೊಂಡಿ ಸಿಗದೆ ತಡಕಾಡುವ ಕೈಯೊಂದನ್ನು ನಾವು ಯಾವ ಕನ್ನಡ ಚಿತ್ರದಲ್ಲಿಯೂ ಕಂಡ ನೆನಪಿಲ್ಲ.