ದೀಕ್ಷಾಸ್ನಾನಕ್ಕೆ ಅಧಿಕಾರಿ ಯಾರು? — ಅಗಸ್ಟೀನನ ಒಂದು ಗ್ರಂಥದ ವಿಮರ್ಶೆ

ವೇದಾಂತಗ್ರಂಥಗಳ ಆರಂಭದಲ್ಲಿ ಅಧಿಕಾರಿಯ ವಿಚಾರ ಬರುವುದು ನಮಗೆ ಪರಿಚಿತವಾದುದು. ಬಯಸಿದ ಮಾತ್ರಕ್ಕೆ ಒಬ್ಬನು ಯೋಗ್ಯನಾಗುವನೇ ಎಂಬ ಇದೇ ಪ್ರಶ್ನೆ ಪ್ರಾಚೀನ ಕ್ರೈಸ್ತಸಭೆಯನ್ನೂ ಕಾಡಿತ್ತು. ಹೊಸದಾಗಿ ಮತಕ್ಕೆ ಬಂದವನಿಗೆ ದೀಕ್ಷಾಸ್ನಾನವನ್ನು ಯಾವಾಗ ಕೊಡತಕ್ಕದ್ದು? ಹಿಪ್ಪೋ ನಗರದ ಬಿಷಪನಾಗಿದ್ದ ಅಗಸ್ಟೀನನು ಕ್ರಿ.ಶ. 413ರ ಸುಮಾರಿಗೆ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ವಿಶ್ವಾಸ ಮತ್ತು ಕ್ರಿಯೆಗಳು’ ಎಂಬ ಕಿರುಗ್ರಂಥದ ವಸ್ತು ಇದೇ ಆಗಿದೆ.

ಪೂರ್ವಪಕ್ಷದವರ ವಾದವು ಅನುಕಂಪದಿಂದ ಹುಟ್ಟಿದುದು. ಬಿಟ್ಟ ಸಂಗಾತಿಯು ಬದುಕಿರುವಾಗಲೇ ಮರುಮದುವೆಯಾದವರಿಗೆ ಸ್ನಾನವು ದೊರೆಯದೆ ಇದ್ದುದನ್ನು ಕಂಡು ಅವರು ಮರುಗಿದರು. ಮೊದಲು ವಿಶ್ವಾಸ, ಅನಂತರ ಸ್ನಾನ, ನಡತೆಯ ಪಾಠ ಆಮೇಲೆ ಎಂಬುದು ಅವರ ಮತ. ಗೋದಿಯೊಡನೆ ಹಣಜಿಯೂ ಬೆಳೆಯಲೆಂಬ ಸಾಮ್ಯವೂ, ದಾರಿಯಲ್ಲಿಯೇ ಫಿಲಿಪ್ಪನಿಂದ ಸ್ನಾನ ಪಡೆದ ಐಥಿಯೋಪ್ಯದ ಕಂಚುಕಿಯೂ ಅವರಿಗೆ ಆಧಾರ.

ಅಗಸ್ಟೀನನ ಉತ್ತರ ಎರಡು ಬಗೆಯದು. ಸಭೆಯೊಳಗಿನ ಕೆಟ್ಟವರನ್ನು ಸಹಿಸುವುದು ಬೇರೆ, ಕೆಡುಕನ್ನು ಬಿಡಲೊಲ್ಲದವನನ್ನು ತಿಳಿದೂ ತಿಳಿದೂ ಒಳಗೆ ಸೇರಿಸುವುದು ಬೇರೆ. ಈ ವಿವೇಚನೆ ದೃಢವಾಗಿದೆ. ಕಂಚುಕಿಯ ವಿಷಯದಲ್ಲಾದರೋ, ಫಿಲಿಪ್ಪನು ಬೋಧಿಸಿದುದೆಲ್ಲವನ್ನೂ ಸಂಕ್ಷೇಪಕ್ಕಾಗಿ ಹೇಳದೆ ಬಿಡಲಾಗಿದೆ ಎನ್ನುತ್ತಾನೆ. ಇದು ಮೌನವನ್ನೇ ಪ್ರಮಾಣವಾಗಿಸುವ ದುರ್ಬಲ ವಾದ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಸೆರೆಮನೆಯ ಅಧಿಕಾರಿಯೊಬ್ಬನು ಅದೇ ರಾತ್ರಿ ಸ್ನಾನ ಹೊಂದುತ್ತಾನೆ. ಆದುದರಿಂದ ದೀರ್ಘ ಪರೀಕ್ಷೆಯು ಮೂಲಕಥನಗಳಲ್ಲಿ ಕಾಣದು. ಅನಂತರದ ಸಭೆ ಅನುಭವದಿಂದ ಕಟ್ಟಿಕೊಂಡ ಕ್ರಮವದು.

ಆ ಕ್ರಮದ ಸ್ವರೂಪವನ್ನು ‘ಅಪೊಸ್ತಲರ ಸಂಪ್ರದಾಯ’ದಲ್ಲಿ ಕಾಣಬಹುದು. ಹಿಪ್ಪೊಲಿಟಸನ ಹೆಸರಿನಲ್ಲಿ ಬಂದಿರುವ ಈ ಗ್ರಂಥದ ಕರ್ತೃತ್ವ ವಿವಾದಾಸ್ಪದ. ಮೂರು ವರ್ಷಗಳ ಶ್ರವಣವನ್ನು ವಿಧಿಸಿದರೂ, ಶ್ರದ್ಧಾವಂತನ ವಿಷಯದಲ್ಲಿ ಕಾಲವನ್ನಲ್ಲ, ಶೀಲವನ್ನೇ ನೋಡಬೇಕೆಂದು ಅದು ಹೇಳುತ್ತದೆ. ವಿಧವೆಯರನ್ನು ಗೌರವಿಸಿದನೇ, ರೋಗಿಗಳನ್ನು ನೋಡಲು ಹೋದನೇ ಎಂಬುವು ಅಲ್ಲಿನ ಪ್ರಶ್ನೆಗಳು. ಅಂತರಂಗವನ್ನು ಅಳೆಯಲಾಗದ ಮನುಷ್ಯರಿಗೆ ಇದಕ್ಕಿಂತ ಪ್ರಾಮಾಣಿಕವಾದ ಅಳತೆಗೋಲು ಸಿಕ್ಕುವುದು ಕಷ್ಟ.

ವಿಳಂಬದ ಅಪಾಯವನ್ನು ಅಗಸ್ಟೀನನು ಅರಿಯದವನಲ್ಲ. ಬಾಲ್ಯದ ಕಾಯಿಲೆಯಲ್ಲಿ ತಾನು ಸ್ನಾನವನ್ನು ಬೇಡಿದುದನ್ನೂ, ಗುಣವಾದೊಡನೆ ಅದು ಮುಂದಕ್ಕೆ ಹೋದುದನ್ನೂ ‘ನಿವೇದನೆಗಳು’ ಎಂಬ ಆತ್ಮಕಥನದಲ್ಲಿ ನೆನೆದು, ಅದು ಒಳಿತಾಯಿತೇ ಎಂದು ಕೇಳಿಕೊಂಡಿದ್ದಾನೆ. ಅವನಿಗೆ ಸ್ನಾನವಾದುದು 387ರಲ್ಲಿ, ಮಿಲಾನಿನಲ್ಲಿ. ಎರಡು ಗ್ರಂಥಗಳಿಗೆ ವಿರೋಧವುಂಟೆಂದು ತೋರಬಹುದು. ಆದರೆ ಬಾಲಕನ ವಿಷಯದಲ್ಲಿ ವಿಳಂಬವು ಕಡಿವಾಣವನ್ನು ಸಡಿಲಿಸಿತು. 413ರ ಗ್ರಂಥದಲ್ಲಿ ಅದು ಕಡಿವಾಣವನ್ನು ಹಿಡಿಯುವ ಶಿಕ್ಷಣ.

ಗ್ರಂಥದ ಶ್ರೇಷ್ಠಭಾಗ ಅದರ ಸಂಶಯದಲ್ಲಿದೆ. ವಿವಾಹವಿಲ್ಲದೆ ಒಬ್ಬನೊಡನೆ ಬಾಳಿ, ಅವನು ಬಿಟ್ಟರೂ ಮತ್ತೊಬ್ಬನನ್ನು ಸೇರೆನೆಂದು ಮಾತುಕೊಡುವ ಹೆಂಗಸನ್ನು ತಡೆಯಬೇಕೇ ಎಂಬಲ್ಲಿ ಅಗಸ್ಟೀನನು ತೀರ್ಪುಕೊಡಲು ಹಿಂಜರಿಯುತ್ತಾನೆ. ಬಾಗಿಲು ಕಾಯುವವನಿಗೆ ನಿಯಮದಷ್ಟೇ ಈ ಹಿಂಜರಿಕೆಯೂ ಅವಶ್ಯ. ಅದಿಲ್ಲದೆ ಹೋದರೆ ಪರೀಕ್ಷೆಯು ಶಿಕ್ಷಣವಾಗದೆ ದರ್ಪವಾದೀತು.