ಕಾವಲುಗಾರನ ಕಣ್ಣು

ಚಿತ್ರಶಾಲೆಗೆ ಬಂದ ಪ್ರೇಕ್ಷಕನು ಒಂದು ಕೃತಿಯ ಮುಂದೆ ನಿಲ್ಲುವುದು ಕೆಲವೇ ಕ್ಷಣ. ಅದನ್ನು ಕಾಯುವವನು ನಿಲ್ಲುವುದು ದಿನವಿಡೀ. ಕಾವ್ಯದ ನಿರಂತರ ಅನುಶೀಲನದಿಂದ ಮನಸ್ಸಿನ ಕನ್ನಡಿ ತಿಳಿಯಾದವನೇ ಸಹೃದಯನೆಂಬುದು ಅಭಿನವಗುಪ್ತನ ಮತ. ಈ ಲಕ್ಷಣವನ್ನು ಚಿತ್ರಕಲೆಗೂ ಅನ್ವಯಿಸುವುದಾದರೆ, ಕಾವಲುಗಾರನಿಗೆ ದೊರೆತಷ್ಟು ಅವಕಾಶ ಮತ್ತಾರಿಗೂ ದೊರೆಯದು. ಆದರೆ ಅವಕಾಶವೇ ಅನುಶೀಲನವೆ?

ಕೆಲವರಲ್ಲಿ ಹಾಗಾದುದುಂಟು. ಜಾಜ್ ವಾದಕರಾಗಲೆಂದು ನ್ಯೂಯಾರ್ಕಿಗೆ ಬಂದ ರಾಬರ್ಟ್ ರೈಮನ್ 1953ರಲ್ಲಿ ಅಲ್ಲಿಯ ಆಧುನಿಕ ಕಲಾ ಸಂಗ್ರಹಾಲಯದ ಕಾವಲು ಕೆಲಸಕ್ಕೆ ಸೇರಿ, 1960ರವರೆಗೆ ಅಲ್ಲಿದ್ದರು. ಕಲಾಶಾಲೆಯ ಕ್ರಮಬದ್ಧ ಶಿಕ್ಷಣವಿಲ್ಲದ ಅವರು, ಮುಂದೆ ಬಹುಮಟ್ಟಿಗೆ ಬಿಳಿಯ ಬಣ್ಣವೊಂದರಲ್ಲೇ ಸಾಧನೆ ನಡೆಸಿದ ಚಿತ್ರಕಾರರಾದರು. ಕುಂಚದ ಜಾಡು, ಬಟ್ಟೆಯ ನೇಯ್ಗೆ, ಚಿತ್ರದ ಅಂಚು, ಅದರ ಮೇಲೆ ಬೀಳುವ ಬೆಳಕು ಇವೇ ಅವರ ವಸ್ತು. ಇದು ಕಥೆಗಾಗಿ ಚಿತ್ರವನ್ನು ನೋಡುವವನ ಕಣ್ಣಲ್ಲ. ಕಥೆ ತಿಳಿದ ಮೇಲೂ ಅಲ್ಲಿಯೇ ನಿಲ್ಲಬೇಕಾದವನ ಕಣ್ಣು. ಪ್ಯಾಟ್ರಿಕ್ ಬ್ರಿಂಗ್ಲಿಯವರಾದರೋ ಅಣ್ಣನ ಮರಣದ ದುಃಖವನ್ನು ಹೊತ್ತು 2008ರಲ್ಲಿ ಅದೇ ನಗರದ ಮೆಟ್ರೊಪಾಲಿಟನ್ ಸಂಗ್ರಹಾಲಯದ ಕಾವಲಿಗೆ ನಿಂತರು. ಹತ್ತು ವರ್ಷಗಳ ಆ ಅನುಭವ 2023ರಲ್ಲಿ ಗ್ರಂಥವಾಗಿ ಹೊರಬಂದಿತು.

ಆದರೂ ಸಾಮೀಪ್ಯಮಾತ್ರದಿಂದ ಸಂಸ್ಕಾರ ಬಾರದು. 2021ರ ಡಿಸೆಂಬರಿನಲ್ಲಿ ರಷ್ಯದ ಯೆಕತೆರಿನ್‌ಬುರ್ಗ್ ನಗರದ ಪ್ರದರ್ಶನವೊಂದರಲ್ಲಿ, ಅನ್ನಾ ಲೆಪೋರ್ಸ್ಕಯಾ ಅವರು ಕಣ್ಣುಮೂಗುಗಳಿಲ್ಲದೆ ಚಿತ್ರಿಸಿದ್ದ ಮುಖಗಳಿಗೆ ಕಾವಲುಗಾರನೇ ಪೆನ್ನಿನಿಂದ ಕಣ್ಣು ಬರೆದನು. ಅದು ಅವನ ಕೆಲಸದ ಮೊದಲ ದಿನ. ಕಾಯುವುದು ಬೇರೆ, ಕಾಣುವುದು ಬೇರೆ.

ಈ ಅಂತರಕ್ಕೆ ಕಾವಲುಗಾರನೊಬ್ಬನೇ ಹೊಣೆಯಲ್ಲ. ತಾವೂ ಒಮ್ಮೆ ಆ ಕೆಲಸದಲ್ಲಿದ್ದ ಕಲಾವಿದ ಫ್ರೆಡ್ ವಿಲ್ಸನ್ 1991ರಲ್ಲಿ ‘ಗಾರ್ಡೆಡ್ ವ್ಯೂ’ ಎಂಬ ಕೃತಿಯನ್ನು ರಚಿಸಿದರು. ತಲೆಯಿಲ್ಲದ ನಾಲ್ಕು ಕರಿಯ ಬೊಂಬೆಗಳು. ಅವುಗಳ ಮೈಮೇಲೆ ನ್ಯೂಯಾರ್ಕಿನ ನಾಲ್ಕು ಸಂಗ್ರಹಾಲಯಗಳ ಕಾವಲುಗಾರರ ಸಮವಸ್ತ್ರ. ಎಲ್ಲರನ್ನೂ ನೋಡುತ್ತಿರಬೇಕಾದವನನ್ನು ಯಾರೂ ನೋಡರು. ಸಂಸ್ಥೆಗೆ ಬೇಕಾದದ್ದು ಅವನ ಮೈ, ತಲೆಯಲ್ಲ. ಅವನ ಚರ್ಮದ ಬಣ್ಣವೂ ಈ ಮರೆವಿಗೆ ನೆರವಾಗುತ್ತದೆಂಬುದು ಕೃತಿಯ ಕಟುಧ್ವನಿ.

2022ರಲ್ಲಿ ಬಾಲ್ಟಿಮೋರ್ ಕಲಾ ಸಂಗ್ರಹಾಲಯವು ಈ ಕ್ರಮವನ್ನು ಸ್ವಲ್ಪ ತಿದ್ದಿತು. ಅಲ್ಲಿಯ 17 ಮಂದಿ ಕಾವಲುಗಾರರೇ ಕೃತಿಗಳನ್ನು ಆಯ್ದು ಒಂದು ಪ್ರದರ್ಶನವನ್ನು ಏರ್ಪಡಿಸಿದರು. ವರ್ಷಗಟ್ಟಲೆ ನಿಂತವರ ಕಣ್ಣು ಏನನ್ನು ಕಂಡಿದೆಯೆಂದು ಕೇಳಲು ಅಲ್ಲಿ ಜನರಿದ್ದರು.

ದಿನದಿನದ ನೋಟ ಬರಿಯ ರೂಢಿಯಾಗಿ ಜಡವಾಗುವುದೂ ಉಂಟು, ಅಭ್ಯಾಸವಾಗಿ ಬೆಳೆಯುವುದೂ ಉಂಟು. ರೈಮನ್ನರಂತಹವರು ಯಾರೂ ಕೇಳದೆಯೇ ಬೆಳೆದರು. ಉಳಿದವರ ಪಾಲಿಗೆ, ಕಂಡುದನ್ನು ಹೇಳುವ ಅಧಿಕಾರವೂ ಶಿಕ್ಷಣದ ಒಂದು ಭಾಗ. ಅದು ದೊರೆಯದಿದ್ದಲ್ಲಿ, ಕನ್ನಡಿ ತಿಳಿಯಾಗಿದ್ದರೂ ಅದು ಗೋಡೆಗೆ ಮುಖಮಾಡಿಯೇ ಇರುತ್ತದೆ.