ಅಣಬೆಗೆ ಮಳೆ ಬರಲಿ, ಈಗ ತಲೆಯೆತ್ತಿ

ಈ ವಾರ ಅಣಬೆಯ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಆದರೆ ಭಾನುವಾರ ಹೈದರಾಬಾದಿನ ಬೇಗಂಪೇಟೆಯಲ್ಲಿ ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು ಅನಂತಗಿರಿಯ ಕಾಡು ಹೊಕ್ಕರೆ ಮುತ್ತುಗ ಅರಳಿತ್ತು. ಅದನ್ನು ಬಿಟ್ಟು ಬೇರೆ ಬರೆಯಲಾರೆ.

ಮರದಲ್ಲಿ ಒಂದೇ ಒಂದು ಎಲೆಯಿಲ್ಲ. ಕಪ್ಪು ಮಖಮಲ್ಲಿನಂಥ ತೊಟ್ಟಿನಿಂದ ಹೊರಬಿದ್ದ ಕೇಸರಿ ದಳ ಗಿಳಿಯ ಕೊಕ್ಕಿನಂತೆಯೇ ಬಾಗಿದೆ. ಸಂಸ್ಕೃತದವರು 'ಇದೇನು ಗಿಳಿಯೇ' ಎಂದು ಬೆರಗಾಗಿ ಕಿಂಶುಕ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗೊರವಂಕವೊಂದು ಮಕರಂದ ಹೀರಿ ಮೇಲೆದ್ದಾಗ ಅದರ ಗಂಟಲಿಗೆ ಪರಾಗ ಮೆತ್ತಿತ್ತು.

ವಸಂತವೆಂದರೆ ನೆಲದ ಹೂವು, ಬುಟ್ಟಿ ತುಂಬ ಅಣಬೆ ಎಂದು ಹೊರದೇಶದ ವಿಡಿಯೊ ನೋಡಿ ಹೊರಡುವ ಚಾರಣಿಗರೊಂದಿಗೆ ನನ್ನದು ಹಳೆಯ ಜಗಳ. ಚಳಿದೇಶದ ಕಾಡಿನಲ್ಲಿ ಮರ ಚಿಗುರಿ ನೆರಳು ಕವಿಯುವ ಮೊದಲೇ ನೆಲದ ಗಿಡ ಬಿಸಿಲು ಹಿಡಿದು ಹೂಬಿಡಬೇಕು. ದಖ್ಖನಿನಲ್ಲಿ ಬಿಸಿಲಿಗೆ ಬರವಿಲ್ಲ, ಬರವೆಲ್ಲ ನೀರಿಗೆ. ನೀರು ಉಳಿಸಲು ಮರ ಎಲೆ ಉದುರಿಸುತ್ತದೆ. ಬೋಳು ಕೊಂಬೆಯ ಹೂವು ದೂರದ ಹಕ್ಕಿಗೂ ಕಾಣುತ್ತದೆ. ಮುತ್ತುಗ, ಬೂರುಗ, ಅರಿಸಿನ ಬೂರುಗ ಮೂರರದೂ ಇದೇ ಕ್ರಮ. ನಮ್ಮ ವಸಂತ ಇರುವುದು ತಲೆಯ ಮೇಲೆ.

ಅಣಬೆ ಎಲ್ಲಿ ಎಂದು ಕೇಳುವವರಿಗೆ ಇಲ್ಲಿನ ತೆಲುಗೇ ಉತ್ತರ ಕೊಡುತ್ತದೆ. ಅಣಬೆಗೆ ತೆಲುಗರು 'ಪುಟ್ಟಗೊಡುಗು' ಎನ್ನುತ್ತಾರೆ, ಹುತ್ತದ ಕೊಡೆ. ಹುತ್ತದೊಳಗೆ ಗೆದ್ದಲು ಅಗಿದ ಸೊಪ್ಪುಕಡ್ಡಿಯ ಮೇಲೆ ಶಿಲೀಂಧ್ರ ಬೆಳೆಸುತ್ತದೆ. ಮಳೆ ಹಿಡಿದ ಮೇಲೆ ಅದು ಮಣ್ಣು ಸೀಳಿ ಕೊಡೆ ಬಿಚ್ಚುತ್ತದೆ. ಆಗಲೂ ಗುರುತು ಬಲ್ಲ ಹಳ್ಳಿಯವರು ಜೊತೆಗಿಲ್ಲದೆ ಕೀಳಬೇಡಿ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಇಲ್ಲದಿದ್ದರೆ ತಿನ್ನಬಹುದು ಎಂಬುದು ಪ್ರಾಣ ತೆಗೆಯುವ ಸುಳ್ಳು.

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡದ ಮುಂದೆಯೇ ನಿಲ್ಲಿಸಿದ ಮೇಷ್ಟರ ಪುಸ್ತಕ ಅದು. ನಾನು ವರ್ಷಕ್ಕೊಮ್ಮೆ ಓದುತ್ತೇನೆ, ಓದಿದಾಗಲೆಲ್ಲ ಚಪ್ಪಲಿ ಮೆಟ್ಟಿ ಹೊರಡುತ್ತೇನೆ. ನಮ್ಮ ನೆಲದ ಗಿಡವನ್ನು ನಮ್ಮ ನೆಲದ ಲೆಕ್ಕದಲ್ಲೇ ನೋಡಬೇಕೆಂಬುದನ್ನು ಕಲಿತದ್ದು ಅಲ್ಲಿಂದಲೇ.

ಬೇಗಂಪೇಟೆಯ ಇದೇ ಹಳಿ ತಾಂಡೂರು, ಸೇಡಂ ದಾಟಿ ವಾಡಿಗೆ ಹೋಗುತ್ತದೆ. ಹೋಳಿಗೆ ಊರಿಗೆ ಹೊರಟವರು ಕಿಟಕಿಯ ಪಕ್ಕ ಕೂತುಕೊಳ್ಳಿ. ಬಣ್ಣಕ್ಕೆಂದು ಮುತ್ತುಗದ ಕೊಂಬೆ ಮುರಿಯಬೇಡಿ. ಬುಡದಲ್ಲಿ ಉದುರಿದ ಹೂವನ್ನು ರಾತ್ರಿ ನೀರಲ್ಲಿ ನೆನೆಹಾಕಿದರೆ ಸಾಕು.